ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡ ಸರ್ವರ್

ಕಚೇರಿಯ ಜಾಲತಾಣದಿಂದ ನನ್ನದೊಂದು ಕಾಗದವನ್ನು ಮೂರು ಸಲ ಡೌನ್‌ಲೋಡ್ ಮಾಡಿದೆ. ಮೂರು ಸಲವೂ ಒಂದೇ ಉತ್ತರ: ಫೈಲ್ ಹಾಳಾಗಿದೆ, ತೆರೆಯಲಾಗದು. ಶುಲ್ಕ ಮಾತ್ರ ಮೊದಲ ಸಲವೇ ಸುರಕ್ಷಿತವಾಗಿ ತಲುಪಿತ್ತು.

ಸಹಾಯವಾಣಿಗೆ ಫೋನ್ ಮಾಡಿದೆ. "ಎಲ್ಲಿಂದ ಸರ್?" "ಕಡಬದಿಂದ." "ಓ, ಮಳೆ ಜಾಸ್ತಿ ಅಲ್ವಾ? ನೆಟ್‌ವರ್ಕ್ ಪ್ರಾಬ್ಲಮ್." ಮಾರ್ಚ್ ತಿಂಗಳು ಮಾರಾಯ್ರೆ! ತೋಟಕ್ಕೆ ಬಿಡಲು ನೀರಿಲ್ಲ.

ಸುಳ್ಯದಲ್ಲಿ ನೋಡಿದೆ, ಹಾಳು. ಪುತ್ತೂರಿನ ಸೈಬರಿನಲ್ಲಿ ನೆಟ್ ಜೋರು. ಹಾಳು ಫೈಲು ಇನ್ನೂ ಬೇಗ ಬಂತು.

ಸೈಬರಿನ ಹುಡುಗ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದ. ಪಿಡಿಎಫ್ ಆದರೆ ಶುರುವಿನಲ್ಲೇ ಶೇಕಡಾ ಚಿಹ್ನೆ, ಪಕ್ಕದಲ್ಲಿ ಪಿಡಿಎಫ್ ಎಂದಿರಬೇಕು. ಇಲ್ಲಿ ಮೊದಲು ಎರಡು ಖಾಲಿ ಸಾಲು, ಆಮೇಲೆ ಉದ್ದದ ಒಂದು ವಾರ್ನಿಂಗ್, ಆಮೇಲೆ ನನ್ನ ಕಾಗದ. ನಮ್ಮ ಸಭೆಗಳ ಹಾಗೆ. ಸ್ವಾಗತ, ಪ್ರಾಸ್ತಾವಿಕ, ಹಾರ. ವಿಷಯಕ್ಕೆ ಬರುವಾಗ ಊಟದ ಹೊತ್ತು. ಫೈಲಿನ ಉದ್ದವನ್ನು ಸರ್ವರ್ ಮೊದಲೇ ಸಾರಿಬಿಟ್ಟಿತ್ತು. ಹಾಗಾಗಿ ತಲೆಯಲ್ಲಿ ಎಷ್ಟು ಕಸ ಸೇರಿತೋ ಅಷ್ಟು ಬಾಲ ಕತ್ತರಿಸಿಹೋಗಿತ್ತು.

ಸರ್ವರಿನ ಕೋಡು ಪಿಎಚ್‌ಪಿ ಎಂಬ ಭಾಷೆಯದು. ಅದರಲ್ಲಿ ಇದು ಹಳೇ ರೋಗ. ಕೋಡಿನ ಕೊನೆಗೊಂದು ಮುಚ್ಚುವ ಗುರುತು, ಅದರ ಕೆಳಗೆ ಯಾರೋ ಸುಮ್ಮನೆ ಒತ್ತಿದ ಎಂಟರ್‌ಗಳು. ಮೊದಲನೆಯದನ್ನು ಪಿಎಚ್‌ಪಿ ನುಂಗಿಕೊಳ್ಳುತ್ತದೆ, ಉಳಿದದ್ದನ್ನು ಕಕ್ಕುತ್ತದೆ. ಬರೀ ಕೋಡಿರುವ ಕಡತಕ್ಕೆ ಆ ಗುರುತು ಹಾಕದಿರುವುದೇ ಒಳ್ಳೆಯದೆಂದು ಕೈಪಿಡಿಯಲ್ಲೇ ಇದೆ. ಕೈಪಿಡಿ ಓದುವವರಿಗೆ ಟೆಂಡರ್ ಸಿಗುವುದಿಲ್ಲ.

ಔಟ್‌ಪುಟ್ ಬಫರಿಂಗ್ ಇಲ್ಲದಿದ್ದರೆ, ಉದ್ದ ಸಾರುವ ಹೆಡರ್‌ಗಿಂತ ಮೊದಲೇ ಆ ಖಾಲಿ ಸಾಲು ಹೊರಟು, 'ಹೆಡರ್ ಆಗಲೇ ಹೋಗಿದೆ' ಎಂದು ಸರ್ವರ್ ಅಲ್ಲೇ ಬೊಬ್ಬೆ ಹಾಕುತ್ತಿತ್ತು. ಬಫರಿಂಗ್ ಎಂದರೆ ಬಂದದ್ದನ್ನು ಹೊರಗೆ ಬಿಡದೆ ಬಾಯಲ್ಲೇ ಇಟ್ಟುಕೊಳ್ಳುವ ಏರ್ಪಾಡು. ಸಾಮಾನ್ಯವಾಗಿ 4096 ಬೈಟಿನಷ್ಟು ಬಾಯಿ. ಎಲೆಅಡಿಕೆ ತುಂಬಿಕೊಂಡವನನ್ನು ಮಾತಾಡಿಸಿದ್ದೀರಲ್ಲ? ಮಾತಿಗಿಂತ ಮೊದಲು ರಸ ಬರುತ್ತದೆ. ನನ್ನ ಕಾಗದವೂ ಹಾಗೇ ಬಂತು.

ಉಗಿದು ಬಂದು ಮಾತಾಡಲು ಒಂದು ಸಾಲು ಸಾಕಿತ್ತು: ಬಫರಿನಲ್ಲಿದ್ದದ್ದನ್ನು ಎಸೆಯುವ ಓಬಿ_ಎಂಡ್_ಕ್ಲೀನ್. ಹುಡುಗ ಒಂದು ಚೀಟಿಯಲ್ಲಿ ಬರೆದುಕೊಟ್ಟ, ನಾನು ದೂರಿನ ಜೊತೆ ಕಳಿಸಿದೆ.

ಉತ್ತರ ಬಂತು: "ನಿಮ್ಮ ಬ್ರೌಸರಿನ ಕ್ಯಾಶ್ ಕ್ಲಿಯರ್ ಮಾಡಿ." ಎಲೆಅಡಿಕೆ ಅವರ ಬಾಯಲ್ಲಿ, ಬಾಯಿ ಮುಕ್ಕಳಿಸಬೇಕಾದವನು ನಾನು.

ಕೊನೆಗೆ ಕಚೇರಿಗೇ ಹೋದೆ. ಬಾಗಿಲಲ್ಲಿ ಬೋರ್ಡು: 'ಕಚೇರಿಗೆ ಅಲೆಯಬೇಡಿ, ಆನ್‌ಲೈನಿನಲ್ಲೇ ಪಡೆಯಿರಿ.' ಒಳಗಿದ್ದವರು ಪ್ರಿಂಟ್ ತೆಗೆದು ಸೀಲು ಹೊಡೆದು ಕೊಟ್ಟರು. ಶುಲ್ಕ ಇನ್ನೊಮ್ಮೆ.