ನೂರಕ್ಕೆ ನೂರು ಅಸಿಸ್ಟೆನ್ಸ್

(ಮಾರತಹಳ್ಳಿ. ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲೊಂದು ‘ಅಕಾಡೆಮಿ’. ಕೌನ್ಸೆಲರ್ ಹುಡುಗಿಯ ಎದುರು ಅರಸೀಕೆರೆಯಿಂದ ಬಂದ ಅಪ್ಪ, ಪಕ್ಕದಲ್ಲಿ ಬಿ.ಇ. ಮುಗಿಸಿ ತಲೆ ತಗ್ಗಿಸಿದ ಮಗ.)

— ಫುಲ್ ಸ್ಟಾಕ್ ಜಾವಾ ನಾಲ್ಕೇ ತಿಂಗಳು ಅಂಕಲ್. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್.

— ಅಂದ್ರೆ ಕೆಲಸ ಗ್ಯಾರಂಟಿ ಏನಮ್ಮಾ?

— ಅಸಿಸ್ಟೆನ್ಸ್ ಗ್ಯಾರಂಟಿ. ಇಂಟರ್‌ವ್ಯೂ ಎಲ್ಲಿದೆ ಅಂತ ವಾಟ್ಸಾಪ್ ಮಾಡ್ತೀವಿ.

— ಇದೂ ಡಿಗ್ರಿನಾ?

— ಡಿಗ್ರಿ ಕೊಡೋಕೆ 1956ರ ಯುಜಿಸಿ ಕಾಯ್ದೆ ಬಿಡಲ್ಲ. ನಮ್ದು ಸರ್ಟಿಫಿಕೇಟು. ಹೊಲೊಗ್ರಾಮ್ ಇರುತ್ತೆ, ಬಿಸಿಲಿಗೆ ಹಿಡಿದ್ರೆ ಹೊಳೆಯುತ್ತೆ.

— ಫೀಸು?

— ನಲವತ್ತು ಸಾವಿರ. ಮೇಲೆ ಶೇ. 18 ಜಿಎಸ್‌ಟಿ.

— ಕಾಲೇಜಲ್ಲಿ ಫೀಸಿಗೆ ಜಿಎಸ್‌ಟಿ ಹಾಕಿರ್ಲಿಲ್ವಲ್ಲಮ್ಮಾ!

— ಅದು ಶಿಕ್ಷಣ ಅಂಕಲ್, ವಿನಾಯಿತಿ ಇದೆ. ನಮ್ದು ಬರೀ ಸೇವೆ.

(ತೆರಿಗೆ ವಿಷಯ ಬಂದಾಗ ಮಾತ್ರ ಇಂಥ ಕಡೆ ನಿಜ ಹೊರಬೀಳುತ್ತದೆ.)

— ಪಾಠ ಮಾಡೋರು ಯಾರು?

— ಹೋದ ಬ್ಯಾಚಿನ ಹುಡುಗರೇ. ಅವರಿಗೆ ಇಲ್ಲೇ ಪ್ಲೇಸ್‌ಮೆಂಟ್ ಆಯ್ತು!

— ನಮ್ಮ ತಮ್ಮನ ಮಗ ಐಟಿಐಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಕಲಿತ. ಈಗ ಫೋನ್ ಮಾಡಿದ್ರೂ ಸಿಗಲ್ಲ, ಅಷ್ಟು ಕೆಲಸ.

— ಹೌದಾ ಅಂಕಲ್? ನಂಬರ್ ಕೊಡಿ ಪ್ಲೀಸ್. ನಮ್ಮ ಲ್ಯಾಬಲ್ಲಿ ಮೂರು ವಾರದಿಂದ ಕರೆಂಟಿಲ್ಲ.