ಹೊರಗೆ ದಬ್ಬಿಸಿಕೊಂಡವನ ಸಂದರ್ಶನ

ಕೊಡಗಿನ ಶಿರಂಗಾಲದ ಮೋಟರ್ ರಿಪೇರಿ ಅಂಗಡಿ. ಈ ಬೇಸಿಗೆಯಲ್ಲಿ ನನ್ನ ಪಂಪ್‌ಸೆಟ್ಟಿನ ಕಾಯಿಲ್ ಸುಟ್ಟಿದ್ದು ಇದು ಎರಡನೇ ಸಲ. ರೀವೈಂಡಿಂಗ್ ಮುಗಿಯುವ ತನಕ ಕೂತಿರಬೇಕಲ್ಲ, ಮೇಜಿನ ಮೇಲೆ ಮೈತುಂಬ ಸ್ಕ್ರೂ ಅಂಟಿಸಿಕೊಂಡು ಬಿದ್ದಿದ್ದ ಹಳೇ ಸ್ಪೀಕರಿನ ಅಯಸ್ಕಾಂತವನ್ನೇ ಮಾತಿಗೆಳೆದೆ.

ನಾನು: ಸೂಪರ್‌ಕಂಡಕ್ಟರ್ ತಂತಿಯಲ್ಲಿ ಕರೆಂಟು ಪೋಲಾಗುವುದೇ ಇಲ್ಲವಂತೆ. ನಮ್ಮ ಹೊಲಕ್ಕೆ ಯಾವಾಗ ಬರುತ್ತೆ?

ಅಯಸ್ಕಾಂತ: ಅವನ ಹೆಸರೆತ್ತಬೇಡಿ ಸ್ವಾಮಿ. 1933ರಲ್ಲಿ ಜರ್ಮನಿಯ ಮೈಸ್ನರ್, ಓಕ್ಸೆನ್‌ಫೆಲ್ಡ್ ನೋಡ್ತಿದ್ದ ಹಾಗೇ ನನ್ನ ಬಲವನ್ನೆಲ್ಲ ಮೈಯಿಂದ ಹೊರಗೆ ದಬ್ಬಿದ. ಈಗ ಪಾಠದ ಪುಸ್ತಕದಲ್ಲಿ ನಾನು ಅವನ ತಲೆ ಮೇಲೆ ತೇಲೋ ಚಿತ್ರ. ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಒಳಗೂ ಇಲ್ಲ, ಜಗಲಿಯಲ್ಲೂ ಇಲ್ಲ, ತ್ರಿಶಂಕು!

ನಾನು: ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿಯೇ ಯಾಕೆ ಕೊಡ್ತಾರೆ ಅಂತ...

ಅಯಸ್ಕಾಂತ: ನನ್ನ ಕಥೆ ಮುಗಿದಿಲ್ಲ. ಅವನೊಳಗೆ ಎಲೆಕ್ಟ್ರಾನುಗಳು ಜೋಡಿ ಜೋಡಿ. ಒಂದರ ಸ್ಪಿನ್ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಕಡೆ ಮುಖ ಮಾಡಬೇಕು. ಹಾಗಾಗಿ ಆ ಜೋಡಿ ನಮ್ಮ ಹೊಸಿಲು ದಾಟಿ ಕೆಲವೇ ನ್ಯಾನೋಮೀಟರ್ ಬರೋದರೊಳಗೆ ಬೇರೆಯಾಗುತ್ತೆ. ಸಂಸಾರ ಒಡೆದವನು ಅನ್ನೋ ಹೆಸರು ನನಗೆ!

ನಾನು: ರಾಜಿಯಾಯಿತಂತಲ್ಲ?

ಅಯಸ್ಕಾಂತ: 2010ರಲ್ಲಿ. ನಮ್ಮಿಬ್ಬರ ನಡುವೆ ವಿಜ್ಞಾನಿಗಳು ಹೋಲ್ಮಿಯಂ ಲೋಹದ ಪದರ ಇಟ್ಟರು. ಅದರ ಕಾಂತಗುಣವೇ ಸುರುಳಿ ಸುರುಳಿ. ಅದನ್ನು ಹಾದು ಬಂದ ಜೋಡಿ ಎರಡೂ ಒಂದೇ ಕಡೆ ಮುಖ ಮಾಡಿಕೊಂಡು ನಮ್ಮ ಕುಲದ ಕೋಬಾಲ್ಟಿನೊಳಗೆ ಸಲೀಸಾಗಿ ನಡೆಯಿತು. ಹೀಗೆ ಸ್ಪಿನ್ ಸಾಗಿಸಿದರೆ ಕಂಪ್ಯೂಟರಿನ ಕರೆಂಟು, ಬಿಸಿ ಎರಡೂ ಉಳಿದಾವು ಅಂತ ಆಸೆ. ಹಾರ ಮಾತ್ರ ಮದುವೆ ಬ್ರೋಕರಿಗೆ.

ನಾನು: ಬಿಸಿ ಅಂದಿರಿ. ನಮ್ಮ ಟ್ರಾನ್ಸ್‌ಫಾರ್ಮರ್, ಅದೇ ಟಿ.ಸಿ., ಬಿಸಿಯಾಗಿ ಎಣ್ಣೆ ಕಾರಿಕೊಳ್ಳೋದು?

ಅಯಸ್ಕಾಂತ: ಅದು ನನ್ನ ವಿಭಾಗಕ್ಕೆ ಬರಲ್ಲ.

(ಟಿ.ಸಿ. ನಡೆಯುವುದೇ ಕಾಂತದ ಬಲದಿಂದ. ಆದರೂ ವಿಭಾಗಕ್ಕೆ ಬರುವುದಿಲ್ಲ. ಈ ಉತ್ತರವನ್ನು ಕರೆಂಟ್ ಆಫೀಸಿನ ಫೋನಿನಲ್ಲೂ ಕೇಳಿದ್ದೇನೆ.)

ನಾನು: 2018ರ ಬೆಂಗಳೂರಿನ ಗದ್ದಲ?

ಅಯಸ್ಕಾಂತ: ಬೆಳ್ಳಿ-ಚಿನ್ನದ ಕಣಗಳು ಮೈನಸ್ 37 ಡಿಗ್ರಿಯಲ್ಲೇ ಸೂಪರ್‌ಕಂಡಕ್ಟರ್ ಆದವು ಅಂದರು ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು. ಸಾಕ್ಷಿ? ಮತ್ತೆ ನನ್ನನ್ನು ಹೊರದಬ್ಬಿದ್ದು! ಆದರೆ ನನ್ನ ಬಲ ಬದಲಿಸಿ ಅಳೆದ ಗ್ರಾಫಿನ ಎರಡು ಗೆರೆಗಳಲ್ಲೂ, ಬೇರೆ ಬೇರೆ ಇರಬೇಕಿದ್ದ ನಡುಕ ತದ್ರೂಪ ಅಂತ ಅಮೆರಿಕದ ಭೌತವಿಜ್ಞಾನಿಯೊಬ್ಬರು ತೋರಿಸಿದರು. ಜಗತ್ತೆಲ್ಲ ಗ್ರಾಫನ್ನು ವಿಚಾರಿಸಿತು. ದಬ್ಬಿಸಿಕೊಂಡವನನ್ನು ಯಾರೂ ವಿಚಾರಿಸಲಿಲ್ಲ.

ಇಲ್ಲಿಗೆ ನನ್ನ ತಾಳ್ಮೆ ತೀರಿತು. ದಬ್ಬಿಸಿಕೊಳ್ಳುವುದು ಅಂದರೇನು ಅಂತ ನನಗೆ ಹೇಳಬೇಡ. ಪಕ್ಕದಲ್ಲೇ ಕಾವೇರಿ. ಆ ನೀರನ್ನು ಜೋಳಕ್ಕೆ ಹಾಯಿಸಲು ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು ಹೋಗಬೇಕು. ಸ್ವಿಚ್ಚು ಹಾಕುವ ಮುಂಚೆ ಉಸಿರು ಬಿಗಿಹಿಡಿದು ಕಿವಿಗೊಡುತ್ತೇವೆ: ಮುರಿದದ್ದು ಗಾಳಿಗೆ ಕೊಂಬೆಯೋ, ಆನೆ ಕಾಲಿಗೆ ಸಿಕ್ಕಿದ ಬೇಲಿಯೋ. ಕೊಡಗಿನಲ್ಲಿ ಹಾಗೆ ಹೋದವರಲ್ಲಿ ಕೆಲವರು ವಾಪಸ್ ಬಂದಿಲ್ಲ. ಹಗಲಲ್ಲಿ ಮೂರು ತಂತಿಗೂ ಕರೆಂಟು ಬಿಡಲು ಹೋಲ್ಮಿಯಂ ಬೇಕಾಗಿಲ್ಲ, ಮೈನಸ್ ಡಿಗ್ರಿ ಬೇಕಾಗಿಲ್ಲ. ವೇಳಾಪಟ್ಟಿಯ ಒಂದು ಹಾಳೆ ಬದಲಾದರೆ ಸಾಕು.

ಅಯಸ್ಕಾಂತ: ಅದಿರಲಿ. 1933ರಲ್ಲಿ...

ಅಂಗಡಿಯವನು ಬಂದು ಅದನ್ನು ಎತ್ತಿಕೊಂಡು, ಮೇಜಿನಡಿ ಬಿದ್ದಿದ್ದ ವಾಷರ್ ಹುಡುಕತೊಡಗಿದ.

'ಮೋಟರ್ ಆಯ್ತೇನಪ್ಪಾ?'

'ಸುತ್ತಿದ್ದಾಯ್ತು ಅಣ್ಣಾ, ವಾರ್ನಿಷ್ ಒಣಗಿಸ್ಬೇಕು. ಕರೆಂಟ್ ಬರ್ಲಿ.'