ನೀರಿಗೊಂದು 'ಜ' ಸೇರಿಸಿ

ಹೆಣ್ಣುಮಗುವಿಗೆ ಹೆಸರು ಹುಡುಕುವುದು ಈಗ ಬೆಂಗಳೂರಲ್ಲಿ ಸೈಟು ಹುಡುಕುವಷ್ಟೇ ತಲೆನೋವಿನ ಕೆಲಸ. ನಮ್ಮ ತಾತನಿಗೆ ಈ ತಲೆನೋವು ಇರಲಿಲ್ಲ. ಅವರ ಹತ್ತಿರ ಒಂದು ಸೂತ್ರವಿತ್ತು. ಸಂಸ್ಕೃತದಲ್ಲಿ ನೀರಿಗಿರುವ ಯಾವುದಾದರೊಂದು ಪದ ತೆಗೆದುಕೊಳ್ಳಿ, ಅದರ ಬಾಲಕ್ಕೆ 'ಜ' ಅಂಟಿಸಿ, ತೊಟ್ಟಿಲಿಗೆ ಹಾಕಿ. 'ಜ' ಎಂದರೆ ಹುಟ್ಟಿದ್ದು. ನೀರಿನಲ್ಲಿ ಹುಟ್ಟಿದ್ದು ಯಾವುದು? ತಾವರೆ. ಸರಸ್ಸಿನಲ್ಲಿ ಹುಟ್ಟಿದರೆ ಸರೋಜ, ಜಲದಲ್ಲಿ ಹುಟ್ಟಿದರೆ ಜಲಜ, ಅಂಬುವಿನಲ್ಲಿ ಅಂಬುಜ, ವಾರಿಯಲ್ಲಿ ವಾರಿಜ, ತೋಯದಲ್ಲಿ ತೋಯಜ. ಹೂವೂ ಒಂದೇ, ಅರ್ಥವೂ ಒಂದೇ, ಹಾಜರಿ ಪುಸ್ತಕ ಮಾತ್ರ ಭರ್ತಿ.

ತಾತ ಹಾಸನದ ಕಡೆ ಹಳ್ಳಿಶಾಲೆಯ ಮೇಷ್ಟ್ರು. ಸಂಬಳ ಅರ್ಧಂಬರ್ಧ, ಅಮರಕೋಶ ಪೂರ್ತಿ. ಅಮರಸಿಂಹ ವಾರಿವರ್ಗದಲ್ಲಿ ನೀರಿಗೆ ಎರಡು ಡಜನ್ನಿಗೂ ಮೀರಿ ಹೆಸರು ಕೊಟ್ಟಿದ್ದಾನೆ. ಅಷ್ಟು ಬಂಡವಾಳ ಇಟ್ಟುಕೊಂಡವರು ಹೆಣ್ಣು ಹುಟ್ಟಿತೆಂದು ಯಾಕೆ ಹೆದರಬೇಕು? ಮೊದಲನೆಯವಳು ಸರೋಜ. ಆಮೇಲೆ ಪಂಕಜ, ಜಲಜ, ವನಜ, ಅಂಬುಜ. ನಡುವೆ ಹುಟ್ಟಿದ ಒಬ್ಬನೇ ಗಂಡುಮಗ, ನಮ್ಮಪ್ಪ, ಪದ್ಮನಾಭ. ತಾವರೆಯನ್ನು ಹೊಕ್ಕುಳಲ್ಲೇ ಇಟ್ಟುಕೊಂಡು ಬಂದವರು. ಅಜ್ಜಿಯ ಹೆಸರು ಗಂಗಮ್ಮ. "ನೀರಿಂದ ಹುಟ್ಟಿದೋರು ಅನ್ನೋದಕ್ಕೆ ಇನ್ನೇನು ಪುರಾವೆ ಬೇಕು?" ಎಂದು ತಾತ ಬಂದವರನ್ನೆಲ್ಲ ಕೇಳುತ್ತಿದ್ದರಂತೆ. ಐದಕ್ಕೇ ನಿಂತಿದ್ದು ಪುಣ್ಯ. ಅಮರನ ಪಟ್ಟಿಯಲ್ಲಿ ನೀರಿಗೆ 'ಕಬಂಧ' ಅಂತಲೂ ಒಂದು ಹೆಸರಿದೆ. ಆರನೆಯವಳು ಕಬಂಧಜ ಆಗಿದ್ದರೆ, ರಾಮಾಯಣದ ಆ ತಲೆಯಿಲ್ಲದ ರಾಕ್ಷಸನ ಸಂಬಂಧವೆಂದು ಗಂಡಿನ ಕಡೆಯವರು ಉಪ್ಪಿಟ್ಟು ಮುಗಿಸಿ ಸುಮ್ಮನೆ ಎದ್ದು ಹೋಗುತ್ತಿದ್ದರು.

ಈ ಏರ್ಪಾಟಿನಲ್ಲಿ ಅನ್ಯಾಯವಾಗಿದ್ದು ಪಂಕಜತ್ತೆಗೆ. "ಎಲ್ಲರಿಗೂ ನೀರು, ನನಗೊಬ್ಬಳಿಗೆ ಕೆಸರು" ಎಂಬ ಅವರ ದೂರು ಎಂಬತ್ತು ದಾಟಿದರೂ ಹಾಗೇ ಇದೆ. ಚಿಕ್ಕಂದಿನಲ್ಲಿ ಈ ವಿಷಯಕ್ಕೆ ಅತ್ತು ಊಟ ಬಿಟ್ಟಾಗ ತಾತ ಸಮಾಧಾನಕ್ಕೆಂದು ತರ್ಕಶಾಸ್ತ್ರ ತೆಗೆದರಂತೆ. ಪಂಕಜ ಎನ್ನುವುದು ಯೋಗರೂಢಿಗೆ ಶಾಸ್ತ್ರದವರೆಲ್ಲ ಕೊಡುವ ಉದಾಹರಣೆ. ಕೆಸರಲ್ಲಿ ಹುಟ್ಟಿದ್ದೆಲ್ಲ ಪಂಕಜವಾದರೆ ಕಪ್ಪೆಯೂ ಪಂಕಜವಾಗಬೇಕು. ಆದರೆ ಕಪ್ಪೆಯನ್ನು ಯಾರೂ ಹಾಗೆ ಕರೆಯುವುದಿಲ್ಲ, ರೂಢಿಯಿಂದ ಆ ಪದ ತಾವರೆಗೇ ಮೀಸಲು. ಇಷ್ಟೆಲ್ಲ ವಿವರಿಸಿದ ಮೇಲೆ ಪಕ್ಕದಲ್ಲಿ ಕೂತು ಕೇಳುತ್ತಿದ್ದ ನಮ್ಮಪ್ಪನ ತಲೆಗೆ ಹೋಗಿದ್ದು ಕಪ್ಪೆ ಒಂದೇ. ಮುಂದಿನ ಹತ್ತು ವರ್ಷ ಅವರು ಅಕ್ಕನನ್ನು ಕರೆದದ್ದೇ ಹಾಗೆ. ಸ್ಕೂಲಿನಲ್ಲಿ ಗೆಳತಿಯರು ಮುದ್ದಿಗೆ 'ಪಂಕಾ' ಎನ್ನುತ್ತಿದ್ದರು. 'ಜ' ಕಡಿದು ಹಾಕಿದ ಮೇಲೆ ಬರೀ ಕೆಸರೇ ಉಳಿಯಿತಲ್ಲ ಎಂದು ಅದಕ್ಕೆ ಬೇರೆ ಕಣ್ಣೀರು.

ವನಜತ್ತೆಯದು ಇನ್ನೊಂದು ಕಥೆ. ವನ ಅಂದರೆ ಕಾಡಾದ್ದರಿಂದ ಅವರು ಕಾಡುಮಲ್ಲಿಗೆಯೋ ಏನೋ ಇರಬೇಕೆಂದು ಎಲ್ಲರ ಊಹೆ. ವನಕ್ಕೆ ನೀರು ಎಂಬ ಅರ್ಥವೂ ಇದೆ, ಹಾಗಾಗಿ ವನಜವೂ ತಾವರೆಯೇ. ತಾತ ಇದನ್ನು ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಅವರನ್ನು ಫಾರೆಸ್ಟ್ ಡಿಪಾರ್ಟ್‌ಮೆಂಟಿನವರಿಗೇ ಕೊಟ್ಟು ಮದುವೆ ಮಾಡಿದರು. ಆ ಮಾವ ಕಾಡು ಸುತ್ತಿದ್ದಷ್ಟೇ ಅಲ್ಲ, ಗಿಡಮರದ ಪುಸ್ತಕಗಳನ್ನೂ ಓದಿದವರು. ಸಕಲೇಶಪುರದ ಕಾಫಿ ತೋಟದಲ್ಲಿ ಒಮ್ಮೆ ನಮ್ಮನ್ನು ನಿಲ್ಲಿಸಿ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರ ತೋರಿಸಿ, "ಇದು ನಿಮ್ಮತ್ತೆ ಕಡೆ ನೆಂಟ" ಎಂದರು. ತಮಾಷೆಯಲ್ಲ, ನಿಜ. ತಾವರೆ ನೋಡಲು ನೈದಿಲೆಯ ಅಕ್ಕನ ಹಾಗಿದ್ದರೂ ಎರಡಕ್ಕೂ ರಕ್ತಸಂಬಂಧ ದೂರ. ಸಸ್ಯಶಾಸ್ತ್ರಜ್ಞರು ವಂಶವಾಹಿ ತೆಗೆದು ನೋಡಿದಾಗ ತಾವರೆ ಬಂದು ಕೂತದ್ದು ಪ್ರೋಟಿಯೇಲೀಸ್ ಎಂಬ ಗಣದಲ್ಲಿ, ಸಿಲ್ವರ್ ಓಕಿನ ಮಗ್ಗುಲಲ್ಲಿ. ಕೆರೆಯ ಹೂವಿಗೆ ತೋಟದ ಮರ ದಾಯಾದಿ! ವನಜತ್ತೆ ಮರವನ್ನು ಬುಡದಿಂದ ತುದಿವರೆಗೆ ನೋಡಿ, "ನಮ್ಮ ಮನೇಲಿ ಇಷ್ಟು ಉದ್ದ ಯಾರೂ ಇಲ್ಲಪ್ಪ" ಎಂದು ಸಂಬಂಧ ನಿರಾಕರಿಸಿದರು.

ತಾತನೊಬ್ಬರದೇ ಹುಚ್ಚಲ್ಲ ಇದು. ಆ ತಲೆಮಾರಿನ ಕನ್ನಡನಾಡು ಪೂರ್ತಿ ಒಂದು ತಾವರೆಕೆರೆ. ಮಂಗಳೂರಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಂದ ಹಿಡಿದು, ಮೂಡಬಿದಿರೆ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಕಮಲಾ ಹಂಪನಾವರೆಗೆ ಲೆಕ್ಕ ಹಾಕಿ. ಕನ್ನಡಿಗರಿಗೆ ಕೆಲಸದ ವಿಷಯ ಬಂದಾಗಲೆಲ್ಲ ನಾವು ಎಳೆದು ತರುವ ವರದಿ ಸರೋಜಿನಿ ಮಹಿಷಿ ಅವರದು. ಸರೋಜಿನಿ ಎಂದರೆ ಒಂದು ಹೂವಲ್ಲ, ಹೂವು ತುಂಬಿದ ಕೊಳ. ಕಾದಂಬರಿಗಾರ್ತಿ ನುಗ್ಗೇಹಳ್ಳಿ ಪಂಕಜ ಅವರಂತೂ ಊರಿಗೆ ನುಗ್ಗೆ, ಹೆಸರಿಗೆ ತಾವರೆ, ಎರಡನ್ನೂ ಇಟ್ಟುಕೊಂಡವರು. 1955ರ 'ಮಹಾಕವಿ ಕಾಳಿದಾಸ'ದಿಂದ ಬೆಳ್ಳಿತೆರೆಗೆ ಬಂದ ಬಿ. ಸರೋಜಾದೇವಿ ನಾಲ್ಕು ಭಾಷೆಗಳಲ್ಲಿ ಆ ಹೆಸರನ್ನು ಮೆರೆಸಿದರು. ನಮ್ಮ ಸರೋಜತ್ತೆ ಅವರಿಗಿಂತ ಎರಡು ವರ್ಷ ದೊಡ್ಡವರು. ಆದ್ದರಿಂದ ಹೆಸರು ಮೊದಲು ತಮ್ಮದೇ, ಸಿನಿಮಾದವರು ಆಮೇಲೆ ತೆಗೆದುಕೊಂಡದ್ದು ಎನ್ನುವುದು ಅವರ ವಾದ.

ಕರಾವಳಿಗೆ ಹೋದರೆ ಹೂವಿಗೆ ಕಣ್ಣೂ ಬರುತ್ತದೆ. ಜಲಜಾಕ್ಷಿ, ವನಜಾಕ್ಷಿ, ನಳಿನಾಕ್ಷಿ, ಸರೋಜಾಕ್ಷಿ, ಗಂಡಸಾದರೆ ಕಮಲಾಕ್ಷ. ಒಂದೇ ಬಸ್ಸಿನಲ್ಲಿ ಇವರೆಲ್ಲ ಕೂತು ಹೋಗುವಾಗ ಮೀನಾಕ್ಷಿಯೊಬ್ಬಳು ಹತ್ತಿದಳೆಂದರೆ ಕೆರೆ ಸಂಪೂರ್ಣ.

ನಮ್ಮಮ್ಮನ ಹೆಸರು ಕಮಲ. ಜಾತಕ ನೋಡುವ ಮೊದಲೇ ತಾತ ಸಂಬಂಧ ಒಪ್ಪಿಕೊಂಡಿದ್ದಕ್ಕೆ ಇದೇ ಕಾರಣ. ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ್ದು 2008ರಲ್ಲಿ, ಪೇಪರಿನವರು ಶಾಸಕರ ಪಕ್ಷಾಂತರಕ್ಕೆ ಹೊಸ ಹೆಸರು ಕಂಡುಹಿಡಿದ ಹೊತ್ತಿನಲ್ಲಿ. ಅಪ್ಪ ಆಸ್ಪತ್ರೆಯಿಂದ ಐದೂ ಜನ ಅಕ್ಕತಂಗಿಯರಿಗೆ ಫೋನು ಮಾಡಿ, "ಆಪರೇಷನ್ ಕಮಲ ಯಶಸ್ವಿ" ಎಂದು ಇಟ್ಟುಬಿಟ್ಟರು. ಜಲಜತ್ತೆ ಅರ್ಧ ದಿನ ಟೀವಿ ಮುಂದೆ ಕೂತು ಸರ್ಕಾರ ಬೀಳುವುದನ್ನು ಕಾದರು. ರಾಜಕೀಯದಲ್ಲಿ ಈ ಹೆಸರು ಪಕ್ಷ ನೋಡಿ ಕೂರುವುದಿಲ್ಲ ಎನ್ನುವುದು ಬೇರೆ ಮಾತು. ಕಾಂಗ್ರೆಸ್ಸಿನ ಮನೆಯಲ್ಲೇ ಅಜ್ಜಿ ಕಮಲಾ, ಮೊಮ್ಮಗ ರಾಜೀವ್. ರಾಜೀವ ಎಂದರೂ ತಾವರೆಯೇ, ಅಂದರೆ ಅಜ್ಜಿಯ ಹೆಸರನ್ನೇ ಇಟ್ಟಂತಾಯಿತು. ಮಧ್ಯಪ್ರದೇಶದಲ್ಲಿ 2020ರ ಮಾರ್ಚಿನಲ್ಲಿ ಕಮಲದವರು ಕೆಡವಿದ ಸರ್ಕಾರ ಕಮಲನಾಥರದು. ಆಗ ಅವರ ಶಾಸಕರು ಬಂದು ಕೂತಿದ್ದು ನಮ್ಮ ಬೆಂಗಳೂರಿನಲ್ಲಿ. ಕಬಂಧ ಎಂಬ ಪದಕ್ಕೆ ಅಮರಸಿಂಹ ಯಾಕೆ ನೀರೆಂದೂ ಅರ್ಥ ಕೊಟ್ಟ ಎಂದು ನನಗೆ ಆ ವಾರ ಹೊಳೆದ ಹಾಗಾಯಿತು.

ಹೆಸರು ದೇಶ ಬಿಟ್ಟೂ ಓಡಾಡಿದೆ. ಪದ್ಮ ಹಿಮಾಲಯ ಹತ್ತಿ ಇಳಿಯುವಷ್ಟರಲ್ಲಿ ಟಿಬೆಟನ್ನರ ಬಾಯಲ್ಲಿ 'ಪೇಮಾ' ಆಯಿತು. ಬೈಲುಕುಪ್ಪೆಯ ಸುವರ್ಣ ದೇವಾಲಯದಲ್ಲಿ ಬುದ್ಧನ ಪಕ್ಕ ಕೂತಿರುವ ಪದ್ಮಸಂಭವ ಅವರ ಹಿರಿಯ ಗುರು, ತಾವರೆಯಲ್ಲೇ ಹುಟ್ಟಿದನೆಂಬ ಕಥೆಯವನು. ಹಾಗೆ ಹೊರಟ ಹೆಸರು ಒಂದು ಸಾವಿರ ವರ್ಷಕ್ಕೂ ಹೆಚ್ಚು ಸುತ್ತಾಡಿ, 1960ರ ದಶಕದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿಗೆ ಬಂದು ಜೋಳ ಬೆಳೆಯಲು ಕೂತಿತು. ಕೊಪ್ಪದ ಕೈಮರದ ಬಳಿ ಸ್ವೆಟರು ಮಾರುವ ಪೇಮಾ ಮತ್ತು ನಮ್ಮ ಓಣಿಯ ಪದ್ಮಮ್ಮ ಒಂದೇ ಹೆಸರಿನವರು. ಚೌಕಾಸಿ ಮಾಡುವಾಗ ಮಾತ್ರ ಇಬ್ಬರಿಗೂ ಅದು ನೆನಪಿರುವುದಿಲ್ಲ. ಇನ್ನೊಂದು ದಿಕ್ಕಿನಲ್ಲಿ ಹಳೆಯ ಈಜಿಪ್ಟಿನವರು ನೈಲ್ ನದಿಯ ನೈದಿಲೆಗೆ ಇಟ್ಟ ಹೆಸರು ಹೀಬ್ರೂವಿನಲ್ಲಿ ಶೋಶನ್ನಾ ಆಗಿ, ಯೂರೋಪಿನಲ್ಲಿ ಸೂಸನ್ ಆಗಿ, ಕೇರಳಕ್ಕೆ ಬಂದು ಸೂಸಮ್ಮ ಆಯಿತು. ಹೂವು ತಾವರೆಯಲ್ಲ, ನೈದಿಲೆ. ಆದರೂ ಸರೋಜಮ್ಮ, ಸೂಸಮ್ಮ ಎಂದು ಒಟ್ಟಿಗೆ ಕೂಗಿದರೆ ಇಬ್ಬರೂ 'ಓ' ಅನ್ನಬಹುದು.

ಇಷ್ಟೆಲ್ಲ ಆದರೂ ನಮ್ಮ ಜನ ಮಗಳಿಗೆ 'ತಾವರೆ' ಎಂದು ಇಟ್ಟಿದ್ದನ್ನು ನಾನು ಕಂಡಿಲ್ಲ. ಊರಿಗೆ ಇಡುತ್ತೇವೆ, ಕೆರೆಗೆ ಇಡುತ್ತೇವೆ. ಮಗಳಿಗೆ ಬಂದ ಕೂಡಲೇ ಕನ್ನಡ ಅಂಗಳದಲ್ಲಿ ನಿಂತು ಸಂಸ್ಕೃತ ಒಳಗೆ ಬರುತ್ತದೆ. ಈ ವಿಷಯದಲ್ಲಿ ಧಾರವಾಡದ ಕಡೆಯವರು ವಾಸಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂದು ಅಚ್ಚಕನ್ನಡದ ಕಾಯಿಪಲ್ಲೆಯನ್ನೇ ಅಡ್ಡಹೆಸರಾಗಿ ಇಟ್ಟುಕೊಂಡು ತಲೆಯೆತ್ತಿ ಓಡಾಡುತ್ತಾರೆ.

ಈಗ 'ಜ' ಸೂತ್ರದ ಕಾಲ ಮುಗಿದಂತಿದೆ. ಸರೋಜ ಎಂದರೆ ಮಕ್ಕಳಿಗೆ ಅಜ್ಜಿಯೇ ಕಣ್ಣಮುಂದೆ ಬರುತ್ತಾಳೆ, ಜತೆಗೆ ಮಂಡಿನೋವಿನ ಎಣ್ಣೆಯ ವಾಸನೆಯೂ. ಗಂಡುಮಕ್ಕಳಲ್ಲಿ ಕೊನೆಯ ಅಕ್ಷರಕ್ಕೆ ಕತ್ತರಿ ಹಾಕಿಸಿಕೊಂಡು ನೀರಜ್ ಒಬ್ಬ ಬದುಕಿದ್ದಾನೆ. 2021ರಲ್ಲಿ ಟೋಕಿಯೊದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಜಾವೆಲಿನ್ ಎಸೆದು ಚಿನ್ನ ಗೆದ್ದ ಸಂಜೆ ಜಲಜತ್ತೆ, "ಅವನೂ ನಮ್ಮ ಪೈಕಿನೇ" ಎಂದು ಓಣಿಗೆಲ್ಲ ಸಕ್ಕರೆ ಹಂಚಿದರು.

ಮೊನ್ನೆ ಅಂಬುಜತ್ತೆಯ ಮರಿಮಗಳ ನಾಮಕರಣ. ಮೊಮ್ಮಗಳು, ಅಳಿಯ ನ್ಯೂಜೆರ್ಸಿಯಿಂದ ಮಗುವನ್ನು ಎತ್ತಿಕೊಂಡು ಮೈಸೂರಿಗೆ ಬಂದಿದ್ದರು. ಹೆಸರಿನ ಬಗ್ಗೆ ತಿಂಗಳುಗಟ್ಟಲೆ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ. ಅತ್ತೆಯರು ಸೂಚಿಸಿದ ಹೂವುಗಳೆಲ್ಲ 'ಓಲ್ಡ್ ಫ್ಯಾಷನ್' ಎಂದು ಬಿದ್ದುಹೋದವು. ಕೊನೆಗೆ ಗಂಡಹೆಂಡತಿ ಕಂಪ್ಯೂಟರಿನಲ್ಲಿ ಹುಡುಕಿ, ಯಾರೂ ಇಡದ ಹೆಸರೆಂದು ಆರಿಸಿಕೊಂಡದ್ದು 'ಮೃಣಾಲ್'. ಮೃಣಾಲವೆಂದರೆ ತಾವರೆಯ ದಂಟು. ಅಂಬುಜತ್ತೆ ಕೇಳಿ ನಕ್ಕರು. "ಹೂವೆಲ್ಲ ನಾವೇ ಖರ್ಚು ಮಾಡಿಬಿಟ್ವಿ, ಪಾಪ, ಅದಕ್ಕೆ ದಂಟು ಉಳೀತು."

ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರ ಕೊಟ್ಟು, ಹೆಸರು ಬರೆಯಪ್ಪ ಎಂದರು ಪುರೋಹಿತರು. ಹುಡುಗ ಇಂಗ್ಲಿಷ್ ಮೀಡಿಯಂ. 'ಮ' ಬರೆದು ಅದರ ಕೆಳಗೆ 'ರ' ಒತ್ತು ಕೊಟ್ಟ. "ರಾವತ್ತಲ್ಲ, ವಟ್ರಸುಳಿ" ಎಂದರು ಸರೋಜತ್ತೆ. ಅವನು ಅಳಿಸಿ ಮತ್ತೆ ಬರೆದ. ಅಕ್ಕಿ ಜಾರಿ ಸುಳಿ ಮುಚ್ಚಿಹೋಯಿತು. ಮೂರನೇ ಸಲ ಪಂಕಜತ್ತೆ ಅವನ ಮಣಿಕಟ್ಟು ಹಿಡಿದು, ಮೇಷ್ಟ್ರ ಮಗಳಲ್ಲವೇ, ಸುಳಿಯನ್ನು ಒಂದೇ ಎಳೆತಕ್ಕೆ ತಿರುಗಿಸಿಬಿಟ್ಟರು. ಉಂಗುರದೊಳಗೆ ಸಿಕ್ಕಿಕೊಂಡ ಅಕ್ಕಿಕಾಳನ್ನು ಪುರೋಹಿತರು ಉಗುರಲ್ಲಿ ಬಿಡಿಸಿದರು. ಮಗು ಇದಾವುದರ ಗೊಡವೆಯಿಲ್ಲದೆ ನಿದ್ದೆ ಹೋಗಿತ್ತು.

ಊಟಕ್ಕೆ ಕೂತಾಗ ಮಾತು ಮುಂದಿನ ಮಗುವಿನ ಕಡೆ ತಿರುಗಿತು. ಅಮರಕೋಶದ ತಾವರೆಯ ಪಟ್ಟಿಯಲ್ಲಿರುವ ಹದಿನಾರು ಹೆಸರಲ್ಲಿ ನಮ್ಮ ಅತ್ತೆಯರದು ಒಂದೂ ಇಲ್ಲ, ಅವರೆಲ್ಲ ಸೂತ್ರದಿಂದ ಬಂದವರು. ಹಾಗಾಗಿ ದಾಸ್ತಾನು ಹೆಚ್ಚುಕಡಿಮೆ ಹಾಗೇ ಇದೆ. "ಗಂಡಾದ್ರೆ ಕುಶೇಶಯ ಅಂತಿಡಿ" ಎಂದರು ಪಂಕಜತ್ತೆ. "ಕುಶ ಅಂದ್ರೂ ನೀರು ಕಣಪ್ಪ. ನೀರಲ್ಲಿ ಮಲಗಿರೋದು. ಕೆಸರಿನ ಮಾತೇ ಇಲ್ಲ. ನಿಮ್ಮ ಅಮೆರಿಕದೋರಿಗೆ ಕಷ್ಟವಾದ್ರೆ ಕುಶ್ ಅಂತ ಕರೀಲಿ."

ಅಳಿಯನಿಗೆ ಸಾರು ನೆತ್ತಿಗೆ ಹತ್ತಿತು. ನೀರು ಕುಡಿದು ಸುಧಾರಿಸಿಕೊಂಡು, ಅಲ್ಲಿ ಕುಶ್ ಅಂದರೆ ಗಾಂಜಾದ ಒಂದು ತಳಿ ಎಂದು ನನ್ನ ಕಿವಿಯಲ್ಲಿ ಹೇಳಿದ. ನಾನು ಪಂಕಜತ್ತೆಗೆ ದಾಟಿಸಿದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅದೂ ಗಿಡವೇ ತಾನೇ?" ಎಂದರು.